ಸೀತಮ್ಮನ ಪಾದದಲ್ಲಿಟ್ಟ ಚೀಟಿ

ಪುಲ್ಪಳ್ಳಿಯ ಸೀತಮ್ಮ, ಈ ಸಲ ಹಣ್ಣುಕಾಯಿ ತಂದಿಲ್ಲ. ಮಡಿಲಲ್ಲಿ ನಾಲ್ಕು ಮಡಿಕೆಯ ಆಸ್ಪತ್ರೆ ಚೀಟಿಯೊಂದಿದೆ. ಅದರಲ್ಲಿ ಎರಡು ಕಾಯಿಲೆಗೆ ಮದ್ದು ಬರೆದಿದೆ, ಒಂದೇ ಕೈಬರಹದಲ್ಲಿ. ಹಾಗೆ ಬರೆಸಿಕೊಳ್ಳುವುದಕ್ಕೆ ನಮ್ಮ ಮನೆಗೆ ಏಳು ವರ್ಷ ಹಿಡಿಯಿತು. ಇದನ್ನೇ ನಿನ್ನ ಪಾದದಲ್ಲಿಟ್ಟಿದ್ದೇನೆ, ಒಪ್ಪಿಸಿಕೋ.

ಅವಳಿ ಹೆತ್ತವಳು ನೀನು. ಗಂಡನ ನೆರಳಿಲ್ಲದೆ ಈ ಕಾಡಿನಲ್ಲಿ ಲವ ಕುಶರನ್ನು ಸಾಕಿದೆ ಎಂದು ಇಲ್ಲಿನವರು ನಿನಗೂ ನಿನ್ನ ಮಕ್ಕಳಿಗೂ ಗುಡಿ ಕಟ್ಟಿದ್ದಾರೆ. ಒಂದು ಮಗುವಿಗೆ ಹಾಲೂಡಿಸಿ ಇನ್ನೊಂದನ್ನು ಅಳಲು ಬಿಟ್ಟರೆ ಮನೆಯಲ್ಲಿ ಯಾರ ಕಣ್ಣಿಗೂ ನಿದ್ದೆ ಹತ್ತುವುದಿಲ್ಲ ಎಂಬುದು ನಿನಗೆ ಗೊತ್ತು. ನನ್ನಣ್ಣನ ಮೈಯಲ್ಲೂ ಎರಡಿದ್ದವು, ಜೋಡಿಯಾಗಿ ಬೆಳೆದವು. ನಿನ್ನ ಮಕ್ಕಳ ಪಕ್ಕದಲ್ಲಿ ಕಾಯಿಲೆಯ ಮಾತು ತಂದಿಟ್ಟಿದ್ದಕ್ಕೆ ಕ್ಷಮಿಸು. ಬೇರೆ ಯಾರಿಗೆ ಹೇಳಿದರೂ ಅರ್ಥವಾಗದೆಂದು ನಿನ್ನ ಬಳಿ ಬಂದೆ.

ನಿನ್ನ ಮಕ್ಕಳಿಗೆ ಇಂಬಳ ಕಚ್ಚಿತೆಂದು ನೀನು ಶಪಿಸಿದೆಯಂತೆ, ಅದಕ್ಕೇ ಪುಲ್ಪಳ್ಳಿಯ ಮಣ್ಣಿನಲ್ಲಿ ಇಂಬಳವಿಲ್ಲವಂತೆ. ಅತ್ತಿಗೆ ಈ ಕಥೆ ಹೇಳಿದ ದಿನ ನಾನು ನಿನ್ನೆದುರು ನಿಂತು, ಬಾಟಲಿಗೂ ಅಂಥದೇ ಶಾಪ ಕೊಡು ತಾಯಿ ಎಂದು ಬೇಡಿಕೊಂಡಿದ್ದೆ. ಇವತ್ತು ಆ ಬೇಡಿಕೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಕೇರಳ 1996ರಲ್ಲಿ ಸಾರಾಯಿ ನಿಲ್ಲಿಸಿತು, ನಮ್ಮ ಕರ್ನಾಟಕ 2007ರಲ್ಲಿ. ಎಷ್ಟೋ ಹೆಂಗಸರ ಕಣ್ಣೀರು ಅದರ ಹಿಂದಿತ್ತು, ಅದು ಸಣ್ಣ ಕೆಲಸವಲ್ಲ. ಆದರೆ ಅಂಗಡಿ ಮುಚ್ಚಿದ ಮಾತ್ರಕ್ಕೆ ಅಣ್ಣನ ಕಿವಿಯೊಳಗಿನ ದನಿ ಮುಚ್ಚುತ್ತಿರಲಿಲ್ಲ.

ಅಣ್ಣ ಗುಂಡ್ಲುಪೇಟೆಯಿಂದ ತರಕಾರಿ ತುಂಬಿದ ಪಿಕಪ್ ಓಡಿಸಿಕೊಂಡು ಕೇರಳದ ಬತ್ತೇರಿಗೆ ಬರುತ್ತಿದ್ದವನು. ಬೀನಾಚಿಯಲ್ಲಿ ಪನಮರಂ ರಸ್ತೆಗೆ ತಿರುಗಿದರೆ ವಾಕೇರಿ, ಅದನ್ನು ದಾಟಿದರೆ ಕೇಣಿಚಿರ. ಅಲ್ಲಿನ ಅಂಗಡಿಗಳಿಗೆ ಟೊಮೆಟೊ ಇಳಿಸುತ್ತ ಇಳಿಸುತ್ತ ಆ ಊರಿಗೇ ಅಳಿಯನಾದ. ಅತ್ತಿಗೆಯ ಅಜ್ಜಿಗೆ ಮನೆಮಾತು ಕನ್ನಡವೇ ಆಗಿತ್ತಂತೆ. ಅತ್ತಿಗೆಯ ಬಾಯಲ್ಲಿ ಅದು ಮಲೆಯಾಳದ ರಾಗ ಹಿಡಿದಿದೆ. ಒಳ್ಳೆಯ ಹುಡುಗ ಅಂತಲೇ ಕೊಟ್ಟರು. ಆಮೇಲೆ ಊರು ಅವನಿಗೆ ಕುಡುಕ ಎಂದು ಹೆಸರಿಟ್ಟಿತು. ಆ ಹೆಸರು ಎಷ್ಟು ಅಗಲವಿತ್ತೆಂದರೆ, ಅದರ ಮರೆಯಲ್ಲಿ ಇನ್ನೊಂದು ಕಾಯಿಲೆ ಯಾರ ಕಣ್ಣಿಗೂ ಬೀಳದೆ ಕೂತುಬಿಟ್ಟಿತು.

ಒಂದು ಸಂಕ್ರಾಂತಿಗೆ ಊರಿಗೆ ಬಂದವನನ್ನು ಹಿತ್ತಲಿಗೆ ಕರೆದು, ಯಾಕಣ್ಣ ಕುಡೀತೀಯ ಎಂದು ಅಳುತ್ತ ಕೇಳಿದೆ. “ಕುಡೀದಿದ್ರೆ ಅವ್ರು ಮಾತಾಡ್ತರೆ ಕಣವ್ವ. ಕುಡುದ್ರೆ ಒಸಿ ಸುಮ್ಕಿರ್ತರೆ” ಅಂದ. ಅಮಲಿನ ಮಾತು ಎಂದು ತಳ್ಳಿಹಾಕಿದೆ. ತಾಯೀ, ಅವನು ಅವತ್ತು ತನ್ನ ರೋಗವನ್ನು ತಾನೇ ಬಿಡಿಸಿ ಹೇಳಿದ್ದ. ಅವನ ಒಡಹುಟ್ಟಿದವಳಿಗೆ ಕಿವಿ ಇರಲಿಲ್ಲ.

ನಾನು ಮಾಡಿದ್ದು ಅಷ್ಟೇ ಆಗಿದ್ದರೆ ನಿನ್ನ ಮುಂದೆ ತಲೆಯೆತ್ತಿ ನಿಲ್ಲಬಹುದಿತ್ತು. ಯಾರೋ ಹೇಳಿದರೆಂದು ಕುಡಿತ ಬಿಡಿಸುವ ಪುಡಿಯ ಪೊಟ್ಟಣ ತಂದು ಅತ್ತಿಗೆಯ ಕೈಗೆ ಕೊಟ್ಟವಳು ನಾನು. ಸಾರಿಗೆ ಬೆರೆಸು, ಗೊತ್ತಾಗಲ್ಲ ಎಂದು ಹೇಳಿಕೊಟ್ಟವಳೂ ನಾನೇ. ಅದರಲ್ಲಿ ಏನಿದೆ ಎಂದು ಪೊಟ್ಟಣದ ಮೇಲೆ ಬರೆದಿರಲಿಲ್ಲ, ನಾನು ಕೇಳಲೂ ಇಲ್ಲ. ಡೈಸಲ್ಫಿರಾಂ ಎಂಬ ಮಾತ್ರೆಯೊಂದಿದೆ, ವೈದ್ಯರೇ ಕೊಡುವಂಥದ್ದು. ಅದು ಮೈಯಲ್ಲಿರುವಾಗ ಕುಡಿದರೆ ಮುಖ ಕೆಂಪೇರಿ, ಎದೆ ಬಡಿದುಕೊಂಡು, ವಾಂತಿಯಾಗಿ, ಬಿ.ಪಿ. ಇಳಿದು ಜೀವಕ್ಕೇ ಕುತ್ತಾಗಬಹುದು. ಅದಕ್ಕೇ ರೋಗಿಗೆ ತಿಳಿಸಿ, ಅವನು ಒಪ್ಪಿದ ಮೇಲೆಯೇ ಕೊಡಬೇಕೆನ್ನುತ್ತಾರೆ. ಕೆಲವರಲ್ಲಿ ಅದು ಮನಸ್ಸಿನ ಭ್ರಮೆಯನ್ನು ಕೆದಕುವುದೂ ಉಂಟು. ಇದೆಲ್ಲ ನನಗೆ ಆಮೇಲೆ ಗೊತ್ತಾಯಿತು. ಅವತ್ತು ಅಣ್ಣ ರಾತ್ರಿಯಿಡೀ ಕಾರಿದ. ಮರುದಿನದಿಂದ ಹೆಂಡತಿಯ ಕೈಯಲ್ಲಿ ಉಣ್ಣುವುದನ್ನೇ ಬಿಟ್ಟ. ಅನ್ನದಲ್ಲಿ ಏನೋ ಹಾಕ್ತಾವ್ಳೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ. ಸಂಶಯ ಪಡುವುದೇ ಅವನ ಕಾಯಿಲೆಯಾಗಿತ್ತು, ಆ ಸಂಶಯಕ್ಕೆ ನಾವು ಸಾಕ್ಷಿ ಒದಗಿಸಿದೆವು. ಇದನ್ನು ನಾನು ಅಣ್ಣನಿಗೆ ಹೇಳಿದ್ದು ಈಗ ಮೂರು ತಿಂಗಳ ಹಿಂದೆ. ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ನನ್ನ ತಲೆ ಮೇಲೆ ಕೈಯಿಟ್ಟ. ನಿನ್ನ ಕ್ಷಮೆ ಇನ್ನೂ ಬೇಡಬೇಕಾಗಿತ್ತು, ಈಗ ಬೇಡುತ್ತಿದ್ದೇನೆ.

2023ರ ವೃಶ್ಚಿಕ ಮಾಸದಲ್ಲಿ ಅಣ್ಣ ಅಯ್ಯಪ್ಪನ ಮಾಲೆ ಹಾಕಿದ. 41 ದಿನದ ವ್ರತ, ಒಂದು ತೊಟ್ಟು ಮುಟ್ಟುವಂತಿಲ್ಲ. ಈ ಸೀಮೆಯಲ್ಲಿ ಎಷ್ಟೋ ಗಂಡಸರು ಆ ಒಂದು ಮಂಡಲ ನೆಟ್ಟಗಿರುತ್ತಾರೆ, ಎಷ್ಟೋ ಮನೆಗಳಲ್ಲಿ ಅಷ್ಟು ದಿನ ಮಕ್ಕಳು ನೆಮ್ಮದಿಯಾಗಿ ಮಲಗುತ್ತಾರೆ. ವ್ರತವನ್ನು ನಾನು ದೂರುವವಳಲ್ಲ. ಆದರೆ ವರ್ಷಗಟ್ಟಲೆ ದಿನಾ ಕುಡಿದ ಮೈಯಿಂದ ಒಂದೇ ಏಟಿಗೆ ಅದನ್ನು ಕಿತ್ತರೆ ಏನಾಗುತ್ತದೆಂದು ನಮಗೆ ಯಾರೂ ಹೇಳಿರಲಿಲ್ಲ. ಮೊದಲ ದಿನ ಕೈ ನಡುಗಿತು, ಮೈ ಬೆವರಿತು. ಭಕ್ತಿ ಅಂದುಕೊಂಡೆವು. ಮೂರನೇ ರಾತ್ರಿ ಗೋಡೆ ಮೇಲೆ ಹುಳ ಹರೀತಾವೆ ಎಂದು ಚಾಪೆಯಿಂದ ಬಡಿಯತೊಡಗಿದ. ಅತ್ತಿಗೆಯನ್ನು ಯಾರು ನೀನು ಎಂದು ಕೇಳಿದ. ಅವಳು ನನಗೆ ಫೋನ್ ಮಾಡಿದಾಗ ಹನ್ನೊಂದು ಗಂಟೆ. 2009ರಿಂದ ಬಂಡೀಪುರದ ರಸ್ತೆ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಮುಚ್ಚಿರುತ್ತದೆ. ಮದ್ದೂರಿನ ಚೆಕ್‌ಪೋಸ್ಟಿನ ಈಚೆ ನಾನು, ಕಾಡಿನ ಆಚೆ ಅವನು. ತುರ್ತು ವಾಹನಗಳನ್ನು ಬಿಡುತ್ತಾರೆ. ಬತ್ತೇರಿಯಲ್ಲೂ ಆಸ್ಪತ್ರೆ ಇದೆ. ಆದರೆ ನಮ್ಮಲ್ಲಿ ಯಾರೂ ಅದನ್ನು ತುರ್ತು ಅಂದುಕೊಳ್ಳಲಿಲ್ಲ ತಾಯೀ. ಗಾಳಿ ಮೆಟ್ಟಿದೆ ಅಂದುಕೊಂಡೆವು. ವ್ರತದಲ್ಲಿ ಏನೋ ತಪ್ಪಾಗಿದೆ ಅಂದುಕೊಂಡೆವು. ಬೆಳಗಾಗುವವರೆಗೆ ಅತ್ತಿಗೆ ನಿನ್ನ ಹೆಸರು ಹೇಳುತ್ತ ಬಾಗಿಲಿಗೆ ಅಡ್ಡ ಕೂತಿದ್ದಳು.

ಮರುದಿನ ಆಸ್ಪತ್ರೆಯಲ್ಲಿ ಥಯಮಿನ್ ಚುಚ್ಚಿ, ನಡುಕಕ್ಕೆ ಮದ್ದು ಕೊಟ್ಟು ಉಳಿಸಿದರು. ಕುಡಿತ ನಿಂತ ಎರಡು ದಿನದೊಳಗೆ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೇ ದಿನದೊಳಗೆ ಹೀಗೆ ಬುದ್ಧಿ ಕಲಕಬಹುದು, ನೋಡದೆ ಬಿಟ್ಟರೆ ಸಾವೂ ಬರಬಹುದು ಎಂದು ಅಲ್ಲಿ ಹೇಳಿದರು.

ಅದಾದ ಮೇಲೆ ಒಂದು ತಿಂಗಳು ಅವನು ಕುಡಿಯಲಿಲ್ಲ. ಹುಳಗಳು ಹೋದವು, ನಡುಕ ಹೋಯಿತು. ದನಿಗಳು ಹೋಗಲಿಲ್ಲ.

ಆಗ ಶುರುವಾಯಿತು ಬಾಗಿಲಿಂದ ಬಾಗಿಲಿಗೆ ಅಲೆದಾಟ. ಕುಡಿತ ಬಿಡಿಸುವ ಒಂದು ಕಡೆ, ಇದು ತಲೆಯ ಕಾಯಿಲೆ, ಇಲ್ಲಿ ಆಗೋದಿಲ್ಲ ಅಂದರು. ನಿದ್ದೆಗೆಂದು ಕೊಟ್ಟಿದ್ದ ಮಾತ್ರೆಯನ್ನೂ ಕಸಿದಿಟ್ಟುಕೊಂಡು, ಅದೂ ನಶೆಯೇ ಅಂದರು. ಮನಸ್ಸಿನ ಕಾಯಿಲೆ ನೋಡುವ ಇನ್ನೊಂದು ಕಡೆ, ಬಾಯಿ ವಾಸನೆ ನೋಡಿ, ಮೊದಲು ಕುಡಿಯೋದು ಬಿಟ್ಟು ಬನ್ನಿ ಅಂದರು. ಅಷ್ಟರಲ್ಲಿ ಮತ್ತೆ ಶುರುಮಾಡಿದ್ದ, ದನಿ ಅಡಗಿಸಲು ಅವನಿಗೆ ಗೊತ್ತಿದ್ದ ಮದ್ದು ಅದೊಂದೇ. ಎರಡು ಬಾಗಿಲೂ ತಮ್ಮ ತಮ್ಮ ನಿಯಮದ ಪ್ರಕಾರ ಸರಿಯಾಗಿಯೇ ಇದ್ದವು. ನಡುವಿನ ಅಂಗಳದಲ್ಲಿ ನನ್ನಣ್ಣ ನಿಂತಿದ್ದ.

2024ರ ಜೂನಿನಲ್ಲಿ ಕೇಣಿಚಿರಕ್ಕೆ ಹುಲಿ ಬಂತು. ಕೊಟ್ಟಿಗೆಯ ಹಸುಗಳನ್ನು ಕೊಂದಿತು. ಊರಿಗೆ ಊರೇ ಎಚ್ಚರವಿತ್ತು, ಒಬ್ಬರ ಭಯವನ್ನು ಇನ್ನೊಬ್ಬರು ಹಂಚಿಕೊಂಡರು, ಅರಣ್ಯದವರು ಬೋನಿಟ್ಟರು, ಹುಲಿ ಸಿಕ್ಕಿತು. ಜನ ನಿಟ್ಟುಸಿರು ಬಿಟ್ಟ ಆ ರಾತ್ರಿ ಅಣ್ಣ ಅತ್ತಿಗೆಗೆ ಹೇಳಿದನಂತೆ: ಹುಲಿ ಬೋನಿಗೆ ಬಿತ್ತು, ಇವು ಬೀಳಲ್ಲ ಕಣೆ. ಅವನ ಭಯಕ್ಕೆ ಕಾವಲಿರಲು ಯಾರೂ ಇರಲಿಲ್ಲ.

ಕೊನೆಗೆ ಒಬ್ಬ ವೈದ್ಯೆ ಸಿಕ್ಕಿದಳು. ಕುಡಿದು ಬಂದಿದ್ದಾನೆ ಎಂದು ಅತ್ತಿಗೆ ತಲೆ ತಗ್ಗಿಸಿದರೆ, ಬಂದಿದ್ದಾರಲ್ಲ, ಕೂರಲಿ ಅಂದಳು. ನಮ್ಮವ್ವನನ್ನು ಒಂದು ಮಾತು ಕೇಳಿದಳು: ಹದಿನೆಂಟನೇ ವಯಸ್ಸಿನಲ್ಲಿ ಹೇಗಿದ್ದ? ಅವ್ವ ನೆನಪು ಮಾಡಿಕೊಂಡು ಹೇಳಿದಳು. ಆಗ ಮೂರು ತಿಂಗಳು ಮನೆಯೊಳಗೆ ಮಲಗುತ್ತಿರಲಿಲ್ಲ, ಜೋಳದ ಹೊಲದಲ್ಲಿ ಒಬ್ಬನೇ ಮಾತಾಡಿಕೊಂಡು ಕೂರುತ್ತಿದ್ದ, ಯಾರೋ ಕರೀತಾವ್ರೆ ಅನ್ನುತ್ತಿದ್ದ. ಆಗ ಕುಡಿತದ ಸುಳಿವೂ ಇರಲಿಲ್ಲ. ಏಳು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಅವಳು ನಮಗೆ ತಿಳಿಯುವಂತೆ ಹೇಳಿದ್ದನ್ನು ನಿನಗೂ ಹೇಳುತ್ತೇನೆ. ಕುಡಿತ ಬಿಟ್ಟ ಹೊಸದರಲ್ಲಿ ಕಾಣುವ ದುಃಖ, ದಿಗಿಲು, ದನಿ ಎಲ್ಲವೂ ಬೇರೆ ಕಾಯಿಲೆಯೆಂದು ತಿಳಿಯಬಾರದು. ಹಲವರಲ್ಲಿ ಎರಡರಿಂದ ನಾಲ್ಕು ವಾರದಲ್ಲಿ ತಾವಾಗಿ ಇಳಿಯುತ್ತವೆ. ಇಳಿಯದಿದ್ದರೆ, ಇಲ್ಲವೇ ಕುಡಿತಕ್ಕೂ ಮೊದಲೇ ಇದ್ದವೆಂದು ಗೊತ್ತಾದರೆ, ಅಲ್ಲಿ ಎರಡನೆಯದೊಂದಿದೆ. ಇದು ಅಪರೂಪವೂ ಅಲ್ಲ. ಅಮೆರಿಕದಲ್ಲಿ 20,000ಕ್ಕೂ ಹೆಚ್ಚು ಜನರನ್ನು ಮಾತಾಡಿಸಿ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮದ್ಯದ ಕಾಯಿಲೆಯಿದ್ದವರಲ್ಲಿ ನೂರಕ್ಕೆ 37 ಮಂದಿಗೆ ಮನಸ್ಸಿನ ಇನ್ನೊಂದು ಕಾಯಿಲೆಯೂ ಇತ್ತು. ಸ್ಕಿಜೋಫ್ರೇನಿಯಾ ಇದ್ದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಕುಡಿತದ ಇಲ್ಲವೇ ಮಾದಕವಸ್ತುವಿನ ತೊಡಕಿತ್ತು. ಒಂದನ್ನು ಮುಗಿಸಿ ಇನ್ನೊಂದನ್ನು ಹಿಡಿಯುತ್ತೇನೆಂದರೆ ಮುಗಿಯುವುದಿಲ್ಲ. ಬಿಟ್ಟದ್ದು ಹಿಡಿದದ್ದನ್ನು ಎಳೆದುಕೊಂಡು ಬರುತ್ತದೆ. ಹಾಗಾಗಿ ಒಂದೇ ಕಡೆ, ಒಂದೇ ತಂಡದ ಕೈಯಲ್ಲಿ, ಎರಡಕ್ಕೂ ಒಟ್ಟಿಗೆ ಮದ್ದಾಗಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನದ ವಿಭಾಗ ಮನೋವೈದ್ಯದ ಅಂಗಳದಲ್ಲೇ ಇದೆ. 2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಕಾಯ್ದೆಯೂ ಮದ್ಯ ಮತ್ತು ಮಾದಕವಸ್ತುವಿನಿಂದಾಗುವ ಮನಸ್ಸಿನ ತೊಂದರೆಗಳನ್ನು ಮನೋರೋಗದ ವ್ಯಾಖ್ಯೆಯೊಳಗೇ ಸೇರಿಸಿದೆ. ಕಾಗದದ ಮೇಲೆ ಒಂದಾಗಿರುವುದು ಕೇಣಿಚಿರದ ಬಸ್ಸು ಇಳಿದು ನಡೆದುಬರುವವನಿಗೂ ಒಂದಾಗಿ ಸಿಗಲಿ ತಾಯೀ.

ಈ ಓಣಂನಲ್ಲಿ ಅಣ್ಣ ಒಂದು ದಿನ ಕುಡಿದ. ಎಲ್ಲ ಮುಗಿಯಿತು ಎಂದು ಅತ್ತಿಗೆ ಅತ್ತಳು. ವೈದ್ಯೆ ಫೋನಿನಲ್ಲಿ, ನಾಳೆಯೇ ಬರಲಿ, ಕುಡಿದಿದ್ದರೂ ಬರಲಿ, ದನಿಯ ಮಾತ್ರೆ ನಿಲ್ಲಿಸಬೇಡಿ ಅಂದಳು. ಅವನು ಹೋದ. ಇದಕ್ಕಿಂತ ದೊಡ್ಡ ಪವಾಡವನ್ನು ನಾನು ನಿನ್ನಲ್ಲಿ ಕೇಳುವುದಿಲ್ಲ.

ಇನ್ನು ನನ್ನ ಮನೆಯಾಚೆಗಿನದು. 2000ದ ನಂತರದ ವರ್ಷಗಳಲ್ಲಿ ನಿನ್ನ ಈ ಸೀಮೆಯಲ್ಲಿ ಮೆಣಸಿನ ಬಳ್ಳಿ ರೋಗ ತಗುಲಿ ಒಣಗಿತು, ಬೆಲೆ ಬಿತ್ತು, ಸಾಲ ಏರಿತು, ಎಷ್ಟೋ ರೈತರು ತಾವೇ ಜೀವ ಕಳೆದುಕೊಂಡರು. ಅವರಲ್ಲಿ ಕುಡಿಯುತ್ತಿದ್ದವರನ್ನು ಕುಡುಕ ಎಂದೇ ಊರು ನೆನೆಯುತ್ತದೆ. ಕುಡಿತದ ಅಡಿಯಲ್ಲಿದ್ದ ಖಿನ್ನತೆಗೆ ಹೆಸರೇ ಸಿಗಲಿಲ್ಲ. ಪಣಿಯರ, ಅಡಿಯರ, ಕನ್ನಡದ ಸೊಗಡಿನ ನುಡಿಯಾಡುವ ಕಾಟುನಾಯಕರ ಹಾಡಿಗಳಲ್ಲಿ ಕುಡಿತ ಅವರ ಜಾತಿಗುಣವೆಂದು ಹೇಳುವವರಿದ್ದಾರೆ. ವಳ್ಳಿಯೂರಕಾವಿನ ಜಾತ್ರೆಯಲ್ಲಿ ಅಡಿಯರನ್ನೂ ಪಣಿಯರನ್ನೂ ವರ್ಷದ ಜೀತಕ್ಕೆ ಗೊತ್ತುಮಾಡಿಕೊಳ್ಳುತ್ತಿದ್ದದ್ದು ಈ ನೆಲದಲ್ಲೇ. ಅಂಥ ನೋವು ಒಂದು ತಲೆಮಾರಿಗೆ ಮುಗಿಯುತ್ತದೆಯೇ? 2024ರ ಜುಲೈ 30ರ ಬೆಳಗಿನ ಜಾವ ಗುಡ್ಡ ಕುಸಿದಾಗ ಮುಂಡಕ್ಕೈ, ಚೂರಲ್ಮಲೆಗಳಲ್ಲಿ ಮನೆಮಂದಿಯನ್ನೆಲ್ಲ ಮಣ್ಣಿಗೆ ಕೊಟ್ಟು ಉಳಿದವರಿದ್ದಾರೆ. ಅವರಲ್ಲಿ ಯಾರಾದರೂ ನಿದ್ದೆಗೆಂದು ಬಾಟಲಿಗೆ ಕೈಹಾಕಿದರೆ, ಅವರನ್ನು ಬಯ್ಯುವ ಮೊದಲು ನಿದ್ದೆ ಯಾಕಿಲ್ಲವೆಂದು ಕೇಳುವ ಒಬ್ಬರನ್ನು ಕಳಿಸು. ಮುತ್ತಂಗದ ಚೆಕ್‌ಪೋಸ್ಟಿನಲ್ಲಿ ಎಂಡಿಎಂಎ ಎಂಬ ಮಾದಕವಸ್ತುವಿನ ಜೊತೆ ಸಿಕ್ಕಿಬೀಳುವ ಎಳೆಯ ಹುಡುಗರನ್ನೂ ಮರೆಯಬೇಡ. ಅವರ ಜೇಬು ತಡಕಿದ ಮೇಲೆ ಮನಸ್ಸನ್ನೂ ಯಾರಾದರೂ ವಿಚಾರಿಸಲಿ.

2015–16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಕೇರಳವೂ ಇತ್ತು. ಮದ್ಯದ ಕಾಯಿಲೆಯಿದ್ದವರಲ್ಲಿ ನೂರಕ್ಕೆ 86 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ ಎಂದು ಅದು ಹೇಳಿತು. ಅದರಲ್ಲಿ ನನ್ನಣ್ಣನಂಥವರು ಎಷ್ಟು ಮಂದಿ ಅಂಗಳದಲ್ಲೇ ನಿಂತಿದ್ದರೋ ನೀನೇ ಬಲ್ಲೆ.

ನೀನು ಭೂಮಿಗಿಳಿಯುವಾಗ ರಾಮ ಓಡಿಬಂದು ಹಿಡಿದನಂತೆ, ಕೈಗೆ ಜಡೆಯಷ್ಟೇ ಬಂತಂತೆ. ಆ ಜಾಗವನ್ನು ಜಡಯಟ್ಟಕಾವು ಎಂದು ಇವತ್ತೂ ಕರೆಯುತ್ತಾರೆ. ನಾವೂ ಏಳು ವರ್ಷ ಜಡೆಯನ್ನೇ ಹಿಡಿದೆಳೆದೆವು. ಕುಡೀಬೇಡ, ಕುಡೀಬೇಡ ಎಂದು ಆಣೆ ಹಾಕಿಸಿದೆವು. ಮನುಷ್ಯ ಕೆಳಗಿಳಿಯುತ್ತಲೇ ಇದ್ದ.

ಇಲ್ಲಿ ನನ್ನ ಪಕ್ಕದಲ್ಲಿ ಕೈಮುಗಿದು ನಿಂತಿರುವ ಅಕ್ಕತಂಗಿಯರೇ, ನಿಮ್ಮನ್ನೂ ಬೇಡುತ್ತೇನೆ. ದಿನಾ ಕುಡಿಯುವವರನ್ನು ಒಮ್ಮೆಗೇ ಬಿಡಿಸಬೇಡಿ, ವೈದ್ಯರ ಕಣ್ಣಳತೆಯಲ್ಲಿ ಬಿಡಿಸಿ. ಸಾರಿಗೆ ಏನನ್ನೂ ಬೆರೆಸಬೇಡಿ. ದನಿ ಕೇಳುತ್ತದೆ, ಬದುಕು ಬೇಡವಾಗಿದೆ ಎಂದು ಕುಡಿದವನು ಹೇಳಿದರೂ ನಂಬಿ, ಆಸ್ಪತ್ರೆಯಲ್ಲಿ ಎರಡನ್ನೂ ಒಟ್ಟಿಗೆ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆಮಾಡಬಹುದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೂ ಮಲೆಯಾಳದಲ್ಲೂ ಮಾತಾಡುತ್ತಾರೆ. ರಾತ್ರಿ ಹನ್ನೊಂದಕ್ಕೆ ಗೇಟು ಬಿದ್ದಿರುವಾಗಲೂ ಆ ಫೋನ್ ಎತ್ತುವವರಿದ್ದಾರೆ.