ಏಳು ತಿಂಗಳ ಮೇಲೆ ಅಂಗಡಿಗೆ ಮರಳಿದ ಉಡುಗೊರೆ



ಮದುವೆಯಲ್ಲಿ ಬಂದ ಉಡುಗೊರೆಗಳನ್ನು ನೀವು ಯಾವಾಗ ಬಿಚ್ಚಿ ನೋಡುತ್ತೀರಿ? ಹೆಚ್ಚಿನ ಮನೆಗಳಲ್ಲಿ ಲಕೋಟೆಗಳನ್ನು ಅದೇ ರಾತ್ರಿ ಎಣಿಸಿ ಬರೆದಿಡುತ್ತಾರೆ. ದೊಡ್ಡ ಡಬ್ಬಿಗಳು ಮಾತ್ರ ಬಿಚ್ಚದೆಯೇ ಅಟ್ಟ ಸೇರುತ್ತವೆ. ನಮ್ಮ ಮನೆಯಲ್ಲೂ ಹಾಗೆಯೇ ಆಯಿತು.

ನಾವು ಖಾನಾಪುರದವರು. ಮೇ ತಿಂಗಳಲ್ಲಿ ಮಗನ ಮದುವೆಯಾದಾಗ ಬೆಳಗಾವಿಯಲ್ಲಿರುವ ನನ್ನ ಅಣ್ಣ ಐದು ಲೀಟರಿನ ಪ್ರೆಶರ್ ಕುಕ್ಕರು ತಂದುಕೊಟ್ಟ. ಕುಕ್ಕರುಗಳೇ ಮೂರು ಬಂದಿದ್ದವು. ಒಂದನ್ನು ಬಳಸಿ ಉಳಿದೆರಡನ್ನು ಅಟ್ಟಕ್ಕೆ ಹಾಕಿದೆವು. ಡಿಸೆಂಬರಿನಲ್ಲಿ ಕ್ರಿಸ್ಮಸ್ ಅಡುಗೆಗೆಂದು ಅಣ್ಣನ ಕುಕ್ಕರನ್ನು ಇಳಿಸಿ ಒಲೆಯ ಮೇಲಿಟ್ಟಾಗ ಮುಚ್ಚಳದ ಒಂದು ಬದಿಯಿಂದ ಬುಸ್ಸೆಂದು ಉಗಿ ಹೊರಟಿತು. ಹೊಸ ಗ್ಯಾಸ್ಕೆಟ್ ತಂದು ಹಾಕಿದೆವು. ನಾಲ್ಕು ಸಲ ಇಟ್ಟು ನೋಡಿದೆವು. ಏನೂ ಪ್ರಯೋಜನವಾಗಲಿಲ್ಲ. ರಿಪೇರಿಯವರು ತಿರುಗಿಸಿ ನೋಡಿ, "ಇದು ಬಿದ್ದು ಬಾಗಿದ್ದಲ್ರೀ. ಮಾಡೂವಾಗನ ಬಾಯಿ ಸರಿಯಾಗಿ ಗುಂಡಗ ಬಂದಿಲ್ಲ" ಎಂದರು.

ಆಗ ಮನೆಯಲ್ಲಿ ಸಲಹೆಗಳು ಶುರುವಾದವು. ನೆರೆಮನೆಯಾಕೆ, "ಡಬ್ಬಿ ಇನ್ನೂ ಹೊಸಾದ ಐತಿ. ಯಾರದರೆ ಮದುವಿಗೆ ಕೊಟ್ಟು ಬಿಡ್ರಿ" ಎಂದಳು. ನನ್ನ ಅಕ್ಕನ ಮಗ, "ಮೌಶಿ, ಬಿಲ್ ಕಳದೈತಿ, ಹೋದ ವಾರ ತಗೊಂಡೀವಿ ಅಂತ ಹೇಳ್ರಿ. ಡಬ್ಬಿ ಮ್ಯಾಲಿನ ರೇಟಿನ ಪ್ರಕಾರ ರೊಕ್ಕ ಕೇಳೋಣು" ಎಂದ. ನನ್ನ ಯಜಮಾನರು, "ನಿಮ್ಮಣ್ಣಗ ಹೇಳಬ್ಯಾಡ, ಮನಸ್ಸಿಗೆ ಹಚ್ಚಿಕೋತಾನ. ಹಳೇ ಸಾಮಾನಿನಾಂವಗ ಹಾಕಿಬಿಡು" ಎಂದರು.

ಓದುಗರೇ, ಈ ಮೂವರೂ ಕೆಟ್ಟವರಲ್ಲ. ಮೂರೂ ಸಲಹೆಗಳು ನಮ್ಮ ಮನೆಗಳಲ್ಲಿ ದಿನನಿತ್ಯ ಕೇಳಿಬರುವಂಥವೇ. ನಿಮ್ಮ ಮನೆಯಲ್ಲಾಗಿದ್ದರೆ ನೀವು ಯಾವುದನ್ನು ಆರಿಸಿಕೊಳ್ಳುತ್ತಿದ್ದಿರಿ?

ಮೊದಲನೆಯದನ್ನು ನೋಡೋಣ. ಕುಕ್ಕರು ಎಂದರೆ ಒತ್ತಡದ ಪಾತ್ರೆ. ಅದರ ದೋಷ ಕೈಮುಖ ಸುಡಬಲ್ಲದು. ಅದಕ್ಕಾಗಿಯೇ ಕೇಂದ್ರ ಸರ್ಕಾರ 2021ರ ಫೆಬ್ರವರಿಯಿಂದ ಮನೆಬಳಕೆಯ ಕುಕ್ಕರುಗಳಿಗೆ ಐಎಸ್‌ಐ ಗುರುತನ್ನು ಕಡ್ಡಾಯ ಮಾಡಿತು. ದೋಷವಿದೆ ಎಂದು ತಿಳಿದಮೇಲೂ ಅದನ್ನು ಬಣ್ಣದ ಕಾಗದದಲ್ಲಿ ಸುತ್ತಿ ಇನ್ನೊಬ್ಬ ಹೊಸ ಮದುಮಗಳ ಕೈಗೆ ಕೊಟ್ಟರೆ ನಾವು ಕೊಟ್ಟದ್ದು ಅಪಾಯವನ್ನೇ ಹೊರತು ಉಡುಗೊರೆಯನ್ನಲ್ಲ.

ಎರಡನೆಯ ಸಲಹೆಯಲ್ಲಿ ಒಂದೇ ಮಾತಿನಿಂದ ಎರಡು ಕಟ್ಟಳೆಗಳು ಮುರಿಯುತ್ತವೆ. ದಿನಾಂಕದ ಸುಳ್ಳು ಎಂಟನೆಯ ಕಟ್ಟಳೆಗೆ ವಿರುದ್ಧ. ಆ ಸುಳ್ಳಿನಿಂದ ಬರುವ ಹಣ ಏಳನೆಯ ಕಟ್ಟಳೆಗೆ ವಿರುದ್ಧ. "ಅಂಗಡಿಯವರು ನಮಗೆ ಎಷ್ಟು ಸಲ ಮೋಸ ಮಾಡಿಲ್ಲ?" ಎಂದು ನಾವು ಸಮಾಧಾನ ಹೇಳಿಕೊಳ್ಳುತ್ತೇವೆ. ಆದರೆ ಯಾರೋ ಮಾಡಿದ ಮೋಸದ ಸಾಲವನ್ನು ಬೇರೆ ಯಾರಿಂದಲೋ ವಸೂಲಿ ಮಾಡುವುದು ನ್ಯಾಯವೇ?

ಮೂರನೆಯದು ಮೌನ. ನೋಡಲು ಇದು ಅತ್ಯಂತ ಸಭ್ಯವಾದ ದಾರಿ. ನಾನು ಅದನ್ನೇ ಹಿಡಿಯುತ್ತಿದ್ದೆ. ಆದರೆ ಮನೆಗೆ ಹೊಸದಾಗಿ ಬಂದ ಸೊಸೆ ಮೆಲ್ಲಗೆ ಕೇಳಿದಳು: "ಅತ್ತಿ, ನಾಳೆ ಮಾಮಾ ಬಂದಾಗ ಕುಕ್ಕರ್ ಎಲ್ಲೈತಿ ಅಂತ ಕೇಳಿದ್ರ ಏನ ಹೇಳೋಣ್ರೀ?" ನನ್ನ ಬಳಿ ಉತ್ತರವಿರಲಿಲ್ಲ. ಇಂದಿನ ಮೌನಕ್ಕೆ ನಾಳೆ ಒಂದು ಸುಳ್ಳು ಬೇಕಾಗುತ್ತದೆ.

ಅಣ್ಣನಿಗೆ ಫೋನು ಮಾಡಿದೆ. ಏಳು ತಿಂಗಳು ಡಬ್ಬಿ ಬಿಚ್ಚಿರಲಿಲ್ಲ ಎಂದು ಹೇಳುವಾಗ ನಾಚಿಕೆಯಾಯಿತು. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಿಲ್ ಐತಿ. ಆದ್ರ ನೀ ಅದನ್ನ ನೋಡಬಾರದಿತ್ತು" ಎಂದ. ಕಾರಣ ಆಮೇಲೆ ತಿಳಿಯಿತು. ಡಬ್ಬಿಯ ಮೇಲಿನ ಬೆಲೆ 2,450 ರೂಪಾಯಿ. ಆತ ರಿಯಾಯಿತಿಯಲ್ಲಿ ಕೊಟ್ಟದ್ದು 1,780. ಪ್ರೀತಿಯಿಂದ ಕೊಟ್ಟ ವಸ್ತುವಿನ ಬೆಲೆ ತಂಗಿಗೆ ತಿಳಿಯಿತಲ್ಲ ಎಂಬ ಸಂಕೋಚ ಆತನಿಗೆ.

ಇಲ್ಲಿ ನಾನೊಂದು ಪಾಠ ಕಲಿತೆ. ಡಬ್ಬಿಯ ಮೇಲಿನ ದರ ಕೇಳಿದ್ದರೆ ಅಂಗಡಿಯವರಿಂದ 670 ರೂಪಾಯಿ ಅನ್ಯಾಯವಾಗಿ ಪಡೆಯುತ್ತಿದ್ದೆವು. ನಮಗದು ಗೊತ್ತೂ ಆಗುತ್ತಿರಲಿಲ್ಲ. ನಿಜ ಹೇಳಲು ನನಗೂ ಅಣ್ಣನಿಗೂ ತಗಲಿದ ಬೆಲೆ ಸ್ವಲ್ಪ ನಾಚಿಕೆ ಮಾತ್ರ. ಆ ನಾಚಿಕೆಯನ್ನು ತಪ್ಪಿಸಿಕೊಳ್ಳುವುದಕ್ಕಾಗಿಯೇ ನಾವು ಸುಳ್ಳು ಹೇಳುತ್ತೇವೆ, ಮತ್ತು ಅದರ ಬೆಲೆಯನ್ನು ಅಂಗಡಿಯವರಿಂದಲೋ ಮುಂದಿನ ಮದುಮಗಳಿಂದಲೋ ಕೊಡಿಸುತ್ತೇವೆ.

ಹಾಗಾದರೆ ಏಳು ತಿಂಗಳ ಮೇಲೆ ಅಂಗಡಿಗೆ ಹೋಗುವ ಹಕ್ಕು ನಮಗಿದೆಯೇ? ನಮ್ಮ ಖಾನಾಪುರ ಕುಂಬಾರಿಕೆಗೂ ಹೆಂಚಿಗೂ ಹೆಸರಾದ ಊರು. ಮಡಕೆ ಕೊಳ್ಳುವಾಗ ಬೆರಳಿನಿಂದ ತಟ್ಟಿ ಸಪ್ಪಳ ಕೇಳುತ್ತೇವೆ. ಬಿರುಕಿದ್ದರೆ ಅಲ್ಲಿಯೇ ತಿಳಿಯುತ್ತದೆ, ಅಲ್ಲಿಗೆ ವ್ಯವಹಾರ ಮುಗಿಯಿತು. ಸೀಲು ಹಾಕಿದ ಡಬ್ಬಿಯನ್ನು ತಟ್ಟಿ ನೋಡಲಾಗದು. ಅದಕ್ಕೇ ಅದರೊಂದಿಗೆ ಬಿಲ್ಲು, ಖಾತರಿ ಪತ್ರ ಕೊಡುತ್ತಾರೆ. 13ನೆಯ ಶತಮಾನದಲ್ಲಿಯೇ ಸಂತ ಥಾಮಸ್ ಅಕ್ವಿನಾಸರು ಈ ವಿಷಯವನ್ನು ವಿಚಾರಿಸಿದ್ದಾರೆ. ಕಣ್ಣಿಗೆ ಕಾಣುವ ದೋಷ ಬೇರೆ, ಒಳಗೆ ಅಡಗಿದ ದೋಷ ಬೇರೆ. ತಿಳಿಯದೆ ದೋಷದ ವಸ್ತು ಮಾರಿದವನು ಪಾಪ ಮಾಡಿದಂತಲ್ಲ. ಆದರೆ ದೋಷ ತಿಳಿದುಬಂದ ಮೇಲೆ ನಷ್ಟ ತುಂಬಿಕೊಡುವುದು ಅವನ ಕರ್ತವ್ಯ ಎಂಬುದು ಅವರ ಅಭಿಪ್ರಾಯ.

ನಮ್ಮ ದೇಶದ ಕಾನೂನೂ ಇದನ್ನು ಒಪ್ಪುತ್ತದೆ. ಮೊದಲ ಗ್ರಾಹಕ ಸಂರಕ್ಷಣಾ ಕಾಯಿದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1986ರ ಡಿಸೆಂಬರ್ 24ರಂದು, ಕ್ರಿಸ್ಮಸ್ ಹಿಂದಿನ ದಿನ. ಈಗ ಜಾರಿಯಲ್ಲಿರುವುದು 2019ರ ಕಾಯಿದೆ. ಅದರ ಪ್ರಕಾರ ಕೊಂಡವರ ಒಪ್ಪಿಗೆಯಿಂದ ವಸ್ತುವನ್ನು ಬಳಸುವವರೂ ಗ್ರಾಹಕರೇ. ಆದ್ದರಿಂದ ಉಡುಗೊರೆ ಪಡೆದವರೂ ದೂರು ಕೊಡಬಹುದು. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷಗಳ ಅವಕಾಶವಿದೆ. ಬಿಲ್ಲಿನಲ್ಲಿ ಬೇರೆ ಅವಧಿ ಬರೆದಿರದಿದ್ದರೆ, 30 ದಿನಗಳೊಳಗೆ ತಂದ ದೋಷದ ವಸ್ತುವನ್ನು ಹಿಂದಕ್ಕೆ ಪಡೆದು ಹಣ ಕೊಡಲು ನಿರಾಕರಿಸುವುದು ಅನುಚಿತ ವ್ಯಾಪಾರ ಎನಿಸುತ್ತದೆ. ನಮ್ಮ 30 ದಿನ ಎಂದೋ ಕಳೆದಿತ್ತು. ಅದು ನಮ್ಮ ತಪ್ಪು. ಆದರೆ ಕಂಪನಿಯ ಖಾತರಿ ಉಳಿದಿತ್ತು.

ಬಿಲ್ಲು ಹಿಡಿದು ಬೆಳಗಾವಿಗೆ ಬಸ್ಸಿನಲ್ಲಿ ಹೋದೆವು. ಅಂಗಡಿಯವರು ತಾರೀಖು ನೋಡಿ ಮುಖ ಗಂಟಿಕ್ಕಿದರು. ನಾವು ಇದ್ದದ್ದನ್ನು ಇದ್ದಂತೆ ಹೇಳಿದೆವು: ಏಳು ತಿಂಗಳು ಅಟ್ಟದಲ್ಲಿತ್ತು, ನಾಲ್ಕು ಸಲ ಒಲೆಯ ಮೇಲಿಟ್ಟೆವು, ಗ್ಯಾಸ್ಕೆಟ್ ನಾವೇ ಬದಲಿಸಿದೆವು. ಅವರು ಪಾತ್ರೆಯ ಬಾಯಿಯನ್ನು ಪರೀಕ್ಷಿಸಿ, "ರೊಕ್ಕ ಕೊಡಾಕ ಬರೂದಿಲ್ರೀ, ಕಂಪನಿಗೆ ಕಳಸ್ತೀನಿ" ಎಂದರು. ಮೂರು ವಾರದ ನಂತರ ಪಾತ್ರೆ ಬದಲಾಗಿ ಬಂತು. ಎರಡು ಸಲದ ಬಸ್ಸಿನ ಖರ್ಚು, ಗ್ಯಾಸ್ಕೆಟ್ಟಿನ ಹಣ ನಮ್ಮದೇ ಆಯಿತು. ತಡಮಾಡಿದ್ದಕ್ಕೆ ಅಷ್ಟು ನಮ್ಮ ಪಾಲಿಗೆ ಬರಬೇಕಾದದ್ದೇ.

ಆದರೆ ಈ ನ್ಯಾಯ ಇಲ್ಲಿಗೆ ಮುಗಿಯುವುದಿಲ್ಲ. ಕೊಳ್ಳುವವನಿಗೂ ಅದೇ ನಿಯಮ ಎನ್ನುತ್ತಾರೆ ಸಂತ ಥಾಮಸರು. ಮಾರುವವನು ತಪ್ಪಿ ಹಿತ್ತಾಳೆಯೆಂದು ಬಂಗಾರ ಕೊಟ್ಟುಬಿಟ್ಟರೆ, ಅದು ತಿಳಿದ ಮೇಲೆ ಕೊಂಡವನು ನಷ್ಟ ತುಂಬಿಕೊಡಬೇಕು. ಅಂಗಡಿಯವರು ಚಿಲ್ಲರೆ ಕೊಡುವಾಗ 500ರ ನೋಟೊಂದನ್ನು ತಪ್ಪಿ ಹೆಚ್ಚಿಗೆ ಕೊಟ್ಟಿದ್ದು ನಮಗೆ ಏಳು ತಿಂಗಳ ಮೇಲೆ ತಿಳಿದಿದ್ದರೆ, ಆಗಲೂ ನಾವು ಬಸ್ಸು ಹತ್ತಿ ಬೆಳಗಾವಿಗೆ ಹೋಗುತ್ತಿದ್ದೆವೇ? ಹೋಗುವ ಮನಸ್ಸಿಲ್ಲದಿದ್ದರೆ ನಾವು ಕೇಳುತ್ತಿರುವುದು ನ್ಯಾಯವಲ್ಲ, ಬರಿಯ ಲಾಭ. ಸುಂಕದವರ ಮುಖ್ಯಸ್ಥ ಜಕ್ಕಾಯ ನಾಲ್ಕರಷ್ಟು ಹಿಂದಿರುಗಿಸುವೆನೆಂದಾಗ ಯಾರೂ ಅವನ ಮುಂದೆ ಬಿಲ್ಲು ಹಿಡಿದಿರಲಿಲ್ಲ.

ಈ ವಾರ ಒಂದು ಸಂಜೆ ಜಪಸರ ಮುಗಿದ ಮೇಲೆ ಮನೆಯವರೆಲ್ಲರೂ ಕುಳಿತು ಮಾತಾಡಿ. ನಮ್ಮ ಅಟ್ಟದಲ್ಲಿ ಬಿಚ್ಚದ ಡಬ್ಬಿಗಳಿವೆಯೇ? ಕೊಟ್ಟವರಿಗೆ ಹೇಳದೆ ಮುಚ್ಚಿಟ್ಟ ಮಾತೇನಾದರೂ ಇದೆಯೇ? ನಮಗೆ ಬರಬೇಕಾದದ್ದು ನೆನಪಿರುವಂತೆ ನಾವು ಕೊಡಬೇಕಾದದ್ದೂ ನೆನಪಿದೆಯೇ? ಮಕ್ಕಳೂ ಕೇಳುತ್ತಿರಲಿ. ಅಂಗಡಿಯ ಮುಂದೆ ನಾವು ಹೇಳುವ ತಾರೀಖಿನಿಂದಲೂ ಅವರು ಧರ್ಮೋಪದೇಶ ಕಲಿಯುತ್ತಾರೆ.

ಕಳೆದ ಭಾನುವಾರ ಅಣ್ಣ ಊಟಕ್ಕೆ ಬಂದಿದ್ದ. ಅನ್ನ ಅದೇ ಕುಕ್ಕರಿನಲ್ಲಿ ಆಗಿತ್ತು. ಸೀಟಿ ಕೇಳಿ ಆತನೇ ಮೊದಲು ನಕ್ಕ.