ಚೆಂಡು ಮುಟ್ಟಿದರು, ಲೋಟ ಮುಟ್ಟಲಿಲ್ಲ

*ದಿನಕ್ಕೊಂದು ಧಮ್ಮ ಚಿಂತನೆ*



ಬಂಧುಗಳೇ,

ನಮ್ಮ ಅಕ್ಕನ ಮಗ ಆಯನೂರು ಬಿಟ್ಟು ದುಬೈಗೆ ಹೋಗಿ ನಾಲ್ಕು ವರ್ಷವಾಯಿತು. ಅಲ್ಲೊಂದು ಮಾಲ್ ಒಳಗೆ ಮಂಜುಗಡ್ಡೆ ಹಾಸಿದ ಆಟದ ಅಂಗಳ ಇದೆ. ಅದರ ಮೇಲೆ ಯಂತ್ರ ಓಡಿಸಿ ನುಣುಪು ಮಾಡುವ ಕೆಲಸಗಾರರಲ್ಲಿ ಇವನೂ ಒಬ್ಬ. ಮಂಜುಗಡ್ಡೆ ಅಂದರೆ ಸಂತೆಯ ಮೀನಿನ ಪೆಟ್ಟಿಗೆಯಲ್ಲಿ ಮಾತ್ರ ನೋಡಿದ್ದ ಹುಡುಗ!

ಹೋದ ಹೊಸದರಲ್ಲಿ ಫೋನ್ ಮಾಡಿ ಹೇಳಿದ್ದ: “ಮಾವ, ಇಲ್ಲಿ ನನ್ನ ಜಾತಿ ಯಾರೂ ಕೇಳಲ್ಲ. ಕೆಲಸ ನೋಡ್ತಾರೆ ಅಷ್ಟೇ. ಬಾಬಾಸಾಹೇಬರು ಹೇಳಿದ ಸಮಾನತೆ ಇದೇ ಅಲ್ವಾ?”

ಆಗ ನಾನು “ಹೌದಪ್ಪ” ಅಂದಿದ್ದೆ. ಕಳೆದ ತಿಂಗಳು ಅವನ ಬೆನ್ನಿಗೆ ಪೆಟ್ಟಾಯಿತು. ಈ ವಾರ ಮೆಸೇಜ್ ಬಂತು: “ಗುತ್ತಿಗೆ ಮುಂದುವರಿಸಲ್ವಂತೆ ಮಾವ. ನಾಲ್ಕು ವರ್ಷ ಹೆಸರು ಹಿಡಿದು ಕರೀತಿದ್ದವರು ಈಗ ಕಣ್ಣೆತ್ತಿ ನೋಡಲ್ಲ. ಊರಿಗೆ ಬಂದ್ರೆ ನಾನು ಯಾರು?”

ನಾನು ಅಂದು ಕೊಟ್ಟ ಉತ್ತರ ಸರಿಯಿತ್ತೇ? ಇಂದಿನ ಚಿಂತನೆ ಇದೇ.

ಅವನ ಅಂಗಳದಲ್ಲಿ ಮಕ್ಕಳಿಗೆ ಐಸ್ ಹಾಕಿ ಕಲಿಸುವ ಒಬ್ಬ ಕೆನಡಾದವನು ಇದ್ದಾನಂತೆ. ಆ ಆಟದ ಅತಿ ದೊಡ್ಡ ಲೀಗ್ ಎನ್‌ಎಚ್‌ಎಲ್‌ನಲ್ಲಿ ಇರುವುದು 32 ತಂಡ. ಅಲ್ಲಿ ಜಾಗ ಸಿಗದ ಆಟಗಾರರು ಕೆಳಗಿನ ಲೀಗ್‌ಗಳಲ್ಲಿ ಆಡುತ್ತಾರೆ, ಇಲ್ಲವೇ ಜರ್ಮನಿ, ಆಸ್ಟ್ರಿಯಾ, ಬ್ರಿಟನ್, ಜಪಾನ್ ಎಂದು ದೇಶ ಸುತ್ತುತ್ತಾರೆ. ಹಲವರಿಗೆ ಒಂದು ವರ್ಷಕ್ಕೆ ಒಂದು ಊರು, ಒಂದು ಒಪ್ಪಂದ. ಹೊರದೇಶದಿಂದ ಬಂದವನನ್ನು ಅಲ್ಲಿ ‘ಇಂಪೋರ್ಟ್’ ಎಂದು ಕರೆಯುತ್ತಾರೆ, ಅಂದರೆ ಆಮದು ಮಾಲು. ಗೋಲು ಹೊಡೆದ ದಿನ ಊರೆಲ್ಲ ಅವನದು. ಮಂಡಿ ಹೋದ ದಿನ ಅವನ ಜಾಗಕ್ಕೆ ಇನ್ನೊಬ್ಬ ಆಮದು. ಭದ್ರಾವತಿಯ ಬಂಧುಗಳಿಗೆ ಗುತ್ತಿಗೆಯ ಬದುಕು ಎಂದರೇನೆಂದು ನಾನು ವಿವರಿಸಬೇಕಾಗಿಲ್ಲ.

ನಮ್ಮವರಲ್ಲೇ ಹೀಗೆ ಆಟವನ್ನು ನಂಬಿ ಕಡಲು ದಾಟಿದ ಮೊದಲಿಗರೊಬ್ಬರಿದ್ದಾರೆ. ಪಲ್ವಂಕರ್ ಬಾಲೂ. ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, 1876ರಲ್ಲಿ, ಚಮ್ಮಾರ ಕುಟುಂಬದಲ್ಲಿ. ಪುಣೆಯಲ್ಲಿ ಪಾರ್ಸಿಗಳ ಕ್ರಿಕೆಟ್ ಕ್ಲಬ್ಬಿನಲ್ಲಿ ಪಿಚ್ ಗುಡಿಸುವ ಕೆಲಸ, ತಿಂಗಳಿಗೆ 3 ರೂಪಾಯಿ. ಆಮೇಲೆ ಬ್ರಿಟಿಷರ ಪೂನಾ ಕ್ಲಬ್ಬಿನಲ್ಲಿ 4 ರೂಪಾಯಿ. ಅಲ್ಲಿ ಗ್ರೇಗ್ ಎಂಬ ಇಂಗ್ಲಿಷ್ ಬ್ಯಾಟ್ಸ್‌ಮನ್‌ಗೆ ಅಭ್ಯಾಸಕ್ಕೆಂದು ಗಂಟೆಗಟ್ಟಲೆ ಎಡಗೈ ಸ್ಪಿನ್ ಹಾಕಿ ಹಾಕಿ ಅವರ ಕೈ ಪಳಗಿತು. ಅಂಗಳ ಗುಡಿಸಿದವರೇ ಆ ಅಂಗಳದ ಒಳ್ಳೆಯ ಬೌಲರ್ ಆದರು.

ಗೆಲ್ಲಬೇಕೆಂಬ ಆಸೆಗೆ ಪುಣೆಯ ಹಿಂದೂ ತಂಡ ಅವರನ್ನು ಸೇರಿಸಿಕೊಂಡಿತು. ಮೈದಾನದಲ್ಲಿ ಬಾಲೂ ಮುಟ್ಟಿದ ಚೆಂಡನ್ನೇ ಸವರ್ಣರೂ ಮುಟ್ಟಿದರು. ಆದರೆ ಚಹಾದ ವೇಳೆ ಅವರಿಗೆ ಪೆವಿಲಿಯನ್ ಹೊರಗೆ ಬೇರೆ ಮಣ್ಣಿನ ಲೋಟ. ಊಟಕ್ಕೆ ಬೇರೆ ಜಾಗ. ಚೆಂಡಿಗೆ ಮೈಲಿಗೆ ಇರಲಿಲ್ಲ, ಲೋಟಕ್ಕೆ ಇತ್ತು! ಬಂಧುಗಳೇ, ಚೆಂಡು ಅವರಿಗೆ ಬೇಕಾಗಿತ್ತು. ಮನುಷ್ಯ ಬೇಕಾಗಿರಲಿಲ್ಲ.

1911ರಲ್ಲಿ ಪಟಿಯಾಲದ ಮಹಾರಾಜರ ನಾಯಕತ್ವದಲ್ಲಿ ಭಾರತದ ತಂಡ ಇಂಗ್ಲೆಂಡಿಗೆ ಹೋಯಿತು. ತಂಡ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ನೋಯುವ ಭುಜದಲ್ಲೇ ಬೌಲ್ ಮಾಡಿದ ಬಾಲೂ ಅಷ್ಟರ ನಡುವೆಯೂ 114 ವಿಕೆಟ್ ಪಡೆದರು. ಆಗ ಅವರಿಗೆ ಸುಮಾರು 35 ವರ್ಷ. ಅವರು ಮರಳಿದಾಗ ಮುಂಬಯಿಯ ದಲಿತರು ಸನ್ಮಾನ ಮಾಡಿದರು. ಆ ಮಾನಪತ್ರ ಬರೆದವರು ಕಾಲೇಜಿನಲ್ಲಿ ಓದುತ್ತಿದ್ದ ತರುಣ ಭೀಮರಾವ್ ಎಂದು ಇತಿಹಾಸಕಾರ ರಾಮಚಂದ್ರ ಗುಹಾ ದಾಖಲಿಸಿದ್ದಾರೆ. ಕಣ್ಣಿಗೆ ಕಟ್ಟಿಕೊಳ್ಳಿ: ನಮ್ಮವನೊಬ್ಬ ಆಳುವವರ ನೆಲದಲ್ಲೇ ಆಳುವವರ ವಿಕೆಟ್ ಉರುಳಿಸಿ ಬಂದಿದ್ದಾನೆಂಬ ಹೆಮ್ಮೆ!

ಇಷ್ಟಾದ ಮೇಲಾದರೂ ಹಿಂದೂ ತಂಡ ಅವರನ್ನು ನಾಯಕನನ್ನಾಗಿ ಮಾಡಿತೇ? ಇಲ್ಲ. 1923ರಲ್ಲಿ ಅವರ ತಮ್ಮ ವಿಠ್ಠಲ್ ನಾಯಕರಾದರು. ಅಷ್ಟು ಹೊತ್ತಿಗೆ ಬಾಲೂ ಅವರ ಆಟದ ಕಾಲ ಮುಗಿದಿತ್ತು.

ಇಲ್ಲಿ ಒಂದು ಸೂಕ್ಷ್ಮವಿದೆ. “ಪ್ರತಿಭೆ ಜಾತಿಯನ್ನು ಗೆದ್ದಿತು” ಎಂದು ಬಾಲೂ ಕಥೆಯನ್ನು ಹೇಳುವವರು ಉಂಟು. ಅದು ಅರ್ಧ ಸತ್ಯ. ಒಂದು ಲೋಟ ಚಹಾಕ್ಕೆ ಒಬ್ಬ ಮನುಷ್ಯ ನೂರಾರು ವಿಕೆಟ್ ಕೊಡಬೇಕೇ? ಹಾಗಾದರೆ ಬೌಲಿಂಗ್ ಬಾರದ ಅವರ ಓಣಿಯವರ ಗತಿ ಏನು? ಕೌಶಲಕ್ಕೆ ಸಿಕ್ಕ ಗೌರವ ಕೌಶಲದ ಜೊತೆಗೇ ಹೋಗುತ್ತದೆ. ಭುಜ ಅನಿತ್ಯ, ಮಂಡಿ ಅನಿತ್ಯ, ಬೆನ್ನು ಅನಿತ್ಯ. ಅನಿತ್ಯವಾದದ್ದಕ್ಕೆ ನಮ್ಮ ಘನತೆಯನ್ನು ಕಟ್ಟಿಹಾಕಿದರೆ ದುಃಖ ತಪ್ಪಿದ್ದಲ್ಲ.

ಈಗ ವಿನಯಪಿಟಕದ ಉಪಾಲಿಯನ್ನು ನೆನಪಿಸಿಕೊಳ್ಳೋಣ. ಅವನು ಶಾಕ್ಯರ ಕ್ಷೌರಿಕ. ಅನುರುದ್ಧ, ಭದ್ದಿಯ, ಆನಂದ ಮೊದಲಾದ ರಾಜಕುಮಾರರ ಜೊತೆ ಭಗವಾನರ ಬಳಿ ಬಂದ. ರಾಜಕುಮಾರರೇ ಕೇಳಿಕೊಂಡರು: ಮೊದಲು ಉಪಾಲಿಗೆ ದೀಕ್ಷೆ ಕೊಡಿ, ನಾವು ಅವನಿಗೆ ವಂದಿಸುವಂತಾಗಲಿ, ನಮ್ಮ ಕುಲದ ಅಹಂಕಾರ ಇಳಿಯಲಿ ಎಂದು. ಭಗವಾನರು ಹಾಗೆಯೇ ಮಾಡಿದರು. ಮುಂದೆ ಉಪಾಲಿ ವಿನಯದಲ್ಲಿ ಎಲ್ಲರಿಗಿಂತ ನಿಪುಣನಾದ.

ಕ್ರಮ ಗಮನಿಸಿ. ಪುಣೆಯಲ್ಲಿ ಮೊದಲು ವಿಕೆಟ್, ಆಮೇಲೆ ಗೌರವ, ಅದೂ ಅರ್ಧ. ಸಂಘದಲ್ಲಿ ಮೊದಲು ವಂದನೆ, ಆಮೇಲೆ ನೈಪುಣ್ಯ. ನಿನ್ನ ಕೈಚಳಕ ತೋರಿಸು, ನೋಡಿ ಹೇಳುತ್ತೇವೆ ಎಂದು ಉಪಾಲಿಗೆ ಯಾರೂ ಹೇಳಲಿಲ್ಲ.

ಹಾಗೆಂದು ಕೌಶಲ ಬೇಡವೆಂದಲ್ಲ. ಅಪ್ರಮಾದವೇ ಧಮ್ಮದ ದಾರಿ. ಮಕ್ಕಳು ಓದಲಿ, ಆಡಲಿ, ದೇಶ ದಾಟಲಿ. ಜಾತಿ ಕೇಳದ ಜಾಗದಲ್ಲಿ ನಾಲ್ಕು ವರ್ಷ ತಲೆಯೆತ್ತಿ ಬದುಕಿದ್ದೂ ಸಣ್ಣದಲ್ಲ. ಆದರೆ ಜಾತಿ ಕೇಳದಿರುವುದು ಒಂದು, ಮನುಷ್ಯನೆಂದು ಕಾಣುವುದು ಇನ್ನೊಂದು. ಮಾರುಕಟ್ಟೆ ಮೊದಲನೆಯದನ್ನು ಕೊಡಬಲ್ಲದು. ಎರಡನೆಯದಕ್ಕೆ ಮೈತ್ರಿ ಬೇಕು. ಬಾಬಾಸಾಹೇಬರು ಸ್ವಾತಂತ್ರ್ಯ, ಸಮಾನತೆಗಳ ಜೊತೆ ಬಂಧುತ್ವವನ್ನೂ ಸೇರಿಸಿ ಹೇಳಿದ್ದು ಇದಕ್ಕೇ.

ಕೊನೆಗೆ ನಮಗೇ ಒಂದು ಕಷ್ಟದ ಪ್ರಶ್ನೆ. ಬಾಲೂ ಮುಂದೆ ರಾಜಕೀಯದಲ್ಲಿ ಬಾಬಾಸಾಹೇಬರ ಎದುರು ನಿಂತರು. ಪ್ರತ್ಯೇಕ ಮತಕ್ಷೇತ್ರವನ್ನು ವಿರೋಧಿಸಿದರು. 1937ರ ಮುಂಬಯಿ ಚುನಾವಣೆಯಲ್ಲಿ ಕಾಂಗ್ರೆಸ್ಸಿನಿಂದ ಬಾಬಾಸಾಹೇಬರ ವಿರುದ್ಧವೇ ಸ್ಪರ್ಧಿಸಿ ಸೋತರು. ಬಾಬಾಸಾಹೇಬರಿಗೆ 13,245 ಮತ, ಬಾಲೂಗೆ 11,225. ಅದು ತಪ್ಪು ದಾರಿ ಎಂದೇ ನಾನು ತಿಳಿದಿದ್ದೇನೆ, ಮುಚ್ಚಿಡುವುದಿಲ್ಲ. ಆದರೆ ಅಷ್ಟಕ್ಕೇ ಅವರ ಹೆಸರನ್ನು ನಮ್ಮ ಮನೆಗಳಿಂದ ಅಳಿಸಬೇಕೇ? ಉಪಯೋಗಕ್ಕೆ ಬಂದಾಗ ಮಾನಪತ್ರ, ಬಾರದಾಗ ಮರೆವು ಎಂದರೆ, ಬೇರೆ ಲೋಟ ಇಟ್ಟ ಕ್ಲಬ್ಬಿಗೂ ನಮಗೂ ವ್ಯತ್ಯಾಸವೇನು? ತಪ್ಪನ್ನು ತಪ್ಪೆನ್ನೋಣ. ಮನುಷ್ಯನನ್ನು ಹೊರಗೆ ಕೂರಿಸುವುದು ಬೇಡ.

ನಮ್ಮ ಹುಡುಗನಿಗೆ ನಿನ್ನೆ ರಾತ್ರಿ ಹೀಗೆ ಬರೆದೆ: “ಅವತ್ತು ‘ಹೌದಪ್ಪ’ ಅಂದಿದ್ದು ಅವಸರದ ಮಾತು ಮಗನೇ. ಊರಿಗೆ ಬಂದ್ರೆ ನೀನು ಯಾರು ಅಂತ ಕೇಳಿದೆಯಲ್ಲ, ನಮ್ಮ ಅಕ್ಕನ ಮಗ. ಅದಕ್ಕೆ ಗುತ್ತಿಗೆ ಇಲ್ಲ. ಮೊದಲು ಬಾ, ಊಟ ಮಾಡು, ಬೆನ್ನು ತೋರಿಸೋಣ. ಕೆಲಸದ ಮಾತು ಆಮೇಲೆ.”

*ಇಂದಿನ ಅಭ್ಯಾಸ:* ಕೆಲಸವಿದ್ದಾಗ ಮಾತ್ರ ನಾವು ನೆನೆಯುವ ಒಬ್ಬರನ್ನು ಗುರುತಿಸಿ. ಗುತ್ತಿಗೆ ಹೋಗಿ ಮನೆಯಲ್ಲಿ ಕೂತ ಅಣ್ಣನೋ, ಕೈಲಾಗದೆ ಮೂಲೆ ಸೇರಿದ ಅಜ್ಜಿಯೋ ಇರಬಹುದು. ಇಂದು ಯಾವ ಕೆಲಸವೂ ಇಲ್ಲದೆ ಅವರ ಮನೆಗೆ ಹೋಗಿ, ಅವರ ಲೋಟದಲ್ಲೇ ಒಂದು ಚಹಾ ಕುಡಿದು ಬನ್ನಿ.

ಎಲ್ಲರಿಗೂ ಮಂಗಳವಾಗಲಿ. ಸಾಧು ಸಾಧು ಸಾಧು 🌸

*ಜೈ ಭೀಮ್. ನಮೋ ಬುದ್ಧಾಯ.*