ನೂರಿಪ್ಪತ್ತು ಕಿಲೋ ಬೆರಗು

1995ರ ಜೂನ್ 18. ಕೇಪ್ ಟೌನ್‌ನ ನ್ಯೂಲ್ಯಾಂಡ್ಸ್ ಮೈದಾನದಲ್ಲಿ ನ್ಯೂಜಿಲೆಂಡ್‌ಗೂ ಇಂಗ್ಲೆಂಡ್‌ಗೂ ರಗ್ಬಿ ವಿಶ್ವಕಪ್ಪಿನ ಸೆಮಿಫೈನಲ್. ಆಟ ಇನ್ನೂ ಕಾವೇರಿಲ್ಲ. ಎಡಗಡೆ ಅಂಚಿನಲ್ಲಿ ನಿಂತಿದ್ದ ಇಪ್ಪತ್ತರ ಹುಡುಗ ಜೋನಾ ಲೋಮು ಕಡೆಗೆ ಚೆಂಡು ಬಂತು. ಅದೂ ನೆಟ್ಟಗೆ ಬರಲಿಲ್ಲ, ಅವನನ್ನು ದಾಟಿ ಹಿಂದೆ ಪುಟಿಯಿತು. ತಿರುಗಿ ಬಾಚಿಕೊಂಡ. ಇಂಗ್ಲೆಂಡ್‌ನ ಟೋನಿ ಅಂಡರ್‌ವುಡ್ ಅಡ್ಡ ಬಂದ, ಲೋಮು ಹೊರಬದಿಯಿಂದ ಬಳಸಿ ಹೋದ. ನಾಯಕ ವಿಲ್ ಕಾರ್ಲಿಂಗ್ ಹಿಂದಿನಿಂದ ಕಾಲಿಗೆ ಕೈಯೊಡ್ಡಿದ, ಲೋಮು ಮುಗ್ಗರಿಸಿದ. ಇನ್ನುಳಿದದ್ದು ಫುಲ್‌ಬ್ಯಾಕ್ ಮೈಕ್ ಕ್ಯಾಟ್ ಒಬ್ಬನೇ. ಪಕ್ಕಕ್ಕೆ ಸರಿದು ತಪ್ಪಿಸಿಕೊಳ್ಳುವಷ್ಟು ಹದ ಆ ಕಾಲುಗಳಲ್ಲಿ ಆಗ ಇರಲಿಲ್ಲವೋ, ಅದರ ಅಗತ್ಯವೇ ಕಾಣಲಿಲ್ಲವೋ, ಮುಗ್ಗರಿಸುತ್ತಲೇ ಕ್ಯಾಟ್‌ನ ಮೇಲೆ ಹಾದು ಗೆರೆಯಾಚೆ ಬಿದ್ದ. ಮೊದಲ ಟ್ರೈ. ಪಂದ್ಯ ಮುಗಿಯುವ ಹೊತ್ತಿಗೆ ಅಂಥವು ನಾಲ್ಕಾಗಿದ್ದವು, ನ್ಯೂಜಿಲೆಂಡ್ 45-29ರಿಂದ ಗೆದ್ದಿತ್ತು.

ಆ ದೃಶ್ಯ ನೋಡಿದವರಿಗೆ ನಗು ಬರುತ್ತದೆ, ಬೆನ್ನಿಗೇ ಸಣ್ಣಗೆ ಭಯವೂ ಆಗುತ್ತದೆ. ಏಕೆಂದರೆ ರಗ್ಬಿಯಲ್ಲಿ ಅದುವರೆಗೆ ಒಂದು ಕೆಲಸ ಹಂಚಿಕೆ ಇತ್ತು. ದಪ್ಪ ಮೈಯವರು ನಡುವೆ ಸ್ಕ್ರಮ್‌ನಲ್ಲಿ ತಲೆ ತೂರಿಸಿ ತಳ್ಳಬೇಕು; ಹಗುರ ಮೈಯವರು ಅಂಚಿನಲ್ಲಿ, ವಿಂಗ್‌ನಲ್ಲಿ, ಓಡಬೇಕು. ಲೋಮು ಆರಡಿ ಐದಿಂಚು, ತೂಕ ಸುಮಾರು 120 ಕಿಲೋ, ನೂರು ಮೀಟರ್ ಓಟ ಹನ್ನೊಂದು ಸೆಕೆಂಡಿನೊಳಗೆ. ಶಾಲೆಯಲ್ಲಿ ತಳ್ಳುವವರ ಸಾಲಿನಲ್ಲೇ ಆಡುತ್ತಿದ್ದವನನ್ನು ವಿಂಗ್‌ಗೆ ತಂದು ನಿಲ್ಲಿಸಿದರು. 1994ರಲ್ಲಿ, ಹತ್ತೊಂಬತ್ತಕ್ಕೆಲ್ಲ, ಅವನು ಆಲ್ ಬ್ಲ್ಯಾಕ್ಸ್, ಅಂದರೆ ನ್ಯೂಜಿಲೆಂಡ್ ತಂಡದ ಪರ ಟೆಸ್ಟ್ ಆಡಿದ ಅತ್ಯಂತ ಕಿರಿಯನಾದ. ಫ್ರಾನ್ಸ್ ಎದುರು ಆಡಿದ ಎರಡೂ ಪಂದ್ಯ ಸೋತು ತಂಡದಿಂದ ಹೊರಗೂ ಬಿದ್ದ. ನಮ್ಮ ಕಬಡ್ಡಿಯಲ್ಲಾದರೆ ಹಿರಿಯ ಪುರುಷರಿಗೆ 85 ಕಿಲೋ ಮಿತಿ ಉಂಟು, ಇಂಥವನು ಅಂಕಣಕ್ಕೇ ಇಳಿಯುವಂತಿಲ್ಲ. ರಗ್ಬಿಗೆ ಆ ತಕ್ಕಡಿ ಇಲ್ಲ.

ಅವನು ನ್ಯೂಲ್ಯಾಂಡ್ಸ್‌ನಲ್ಲಿ ಓಡಿದಾಗ ಆ ಆಟ ಕಾನೂನಿನ ಪ್ರಕಾರ ಇನ್ನೂ ಹವ್ಯಾಸಿಗಳದ್ದು. ಆಡಿದ್ದಕ್ಕೆ ಸಂಬಳ ಕೇಳುವಂತಿರಲಿಲ್ಲ. ಫೈನಲ್‌ನ ಹಿಂದಿನ ದಿನ ಮಾಧ್ಯಮ ದೊರೆ ರೂಪರ್ಟ್ ಮರ್ಡೋಕ್‌ನ ಕಂಪನಿ ದಕ್ಷಿಣಾರ್ಧ ಗೋಳದ ಮೂರು ರಗ್ಬಿ ಮಂಡಳಿಗಳ ಜೊತೆ ಹತ್ತು ವರ್ಷಕ್ಕೆ ಸುಮಾರು 55 ಕೋಟಿ ಡಾಲರಿನ ಟಿವಿ ಒಪ್ಪಂದ ಘೋಷಿಸಿತು. ಆಗಸ್ಟ್ 26ಕ್ಕೆ ರಗ್ಬಿಯ ಈ ಪ್ರಕಾರ, ರಗ್ಬಿ ಯೂನಿಯನ್, ವೃತ್ತಿಪರ ಆಟವಾಯಿತು. ಒಬ್ಬ ಹುಡುಗನಿಂದಲೇ ಇದೆಲ್ಲ ಆಯಿತೆಂದರೆ ಉತ್ಪ್ರೇಕ್ಷೆ. ಆದರೆ ಟಿವಿಯವರು ಮಾರಬೇಕಿದ್ದ ಸರಕಿಗೆ ಅವನಿಗಿಂತ ಒಳ್ಳೆಯ ಜಾಹೀರಾತು ಇರಲಿಲ್ಲ. 1997ರಲ್ಲಿ ಅವನ ಹೆಸರಿನದೇ ವಿಡಿಯೊ ಗೇಮ್ ಬಂತು.

ಫೈನಲ್‌ನಲ್ಲಿ ಅವನಿಗೆ ಟ್ರೈ ಸಿಗಲಿಲ್ಲ. ದಕ್ಷಿಣ ಆಫ್ರಿಕಾ 15-12ರಿಂದ ಗೆದ್ದಿತು, ಅಲ್ಲಿನ ಅಧ್ಯಕ್ಷ ಮಂಡೇಲಾ ತಮ್ಮ ತಂಡದ ನಾಯಕನ ಆರನೇ ನಂಬರಿನ ಜೆರ್ಸಿ ತೊಟ್ಟು ಕಪ್ ಕೊಟ್ಟರು. ಟೆಸ್ಟ್ ಪಂದ್ಯಗಳಲ್ಲಿ ದಕ್ಷಿಣ ಆಫ್ರಿಕಾದ ವಿರುದ್ಧ ಲೋಮು ಕೊನೆಯವರೆಗೂ ಒಂದು ಟ್ರೈ ಗಳಿಸಲಿಲ್ಲ. ಈ ವಿವರ ನನಗೆ ಯಾಕೋ ಇಷ್ಟ. ದಂತಕಥೆಯಿಂದ ಅವನನ್ನು ತುಸು ಇಳಿಸಿ ನಮ್ಮ ನಡುವೆ ಕೂರಿಸುತ್ತದೆ.

1995ರ ಕೊನೆಗೆ ವೈದ್ಯರು ರೋಗ ಪತ್ತೆ ಮಾಡಿದರು. ನೆಫ್ರಾಟಿಕ್ ಸಿಂಡ್ರೋಮ್. ಕಿಡ್ನಿಯ ಸೋಸು ಜಾಲ ಸಡಿಲಾಗಿ, ರಕ್ತದಲ್ಲಿ ಉಳಿಯಬೇಕಾದ ಪ್ರೋಟೀನು ಮೂತ್ರದಲ್ಲಿ ಸೋರಿಹೋಗುತ್ತದೆ. ಪಾದ ಊದುತ್ತದೆ, ಬೆಳಗ್ಗೆ ಕಣ್ಣಿನ ಸುತ್ತ ಬಾವು, ಸುಮ್ಮನೆ ಕೂತರೂ ಸುಸ್ತು. ಇವನನ್ನು ತಡೆಯುವುದು ಹೇಗೆಂದು ಜಗತ್ತಿನ ಕೋಚ್‌ಗಳೆಲ್ಲ ತಲೆ ಕೆಡಿಸಿಕೊಂಡಿದ್ದಾಗ, ಮುಷ್ಟಿ ಗಾತ್ರದ ಎರಡು ಅಂಗಗಳು ಸದ್ದಿಲ್ಲದೆ ಕೈಕೊಡುತ್ತಿದ್ದವು. ಬೆರಗಿನ ಬಗ್ಗೆ ನನ್ನ ತಕರಾರು ಇಲ್ಲಿಂದ ಶುರು. ಅದು ಕಂಡದ್ದಕ್ಕೆ ಬಾಯಿ ತೆರೆಯುತ್ತದೆ, ಅಲ್ಲಿಗೇ ನಿಂತುಬಿಡುತ್ತದೆ. ಮೈ ಎಷ್ಟು ದೊಡ್ಡದೆಂದು ಲೆಕ್ಕ ಹಾಕಿದವರು ಆ ಮೈಯನ್ನು ಹೊತ್ತು ನಡೆಯುವುದು ಎಷ್ಟು ಕಷ್ಟವೆಂದು ಕೇಳಲಿಲ್ಲ.

1997ರ ಬಹುಭಾಗ ಚಿಕಿತ್ಸೆಗೇ ಹೋಯಿತು. ಮರುವರ್ಷ ಕ್ವಾಲಾಲಂಪುರದ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಏಳು ಜನರ ರಗ್ಬಿಯಾದ ಸೆವೆನ್ಸ್‌ನಲ್ಲಿ ಚಿನ್ನ. 1999ರ ವಿಶ್ವಕಪ್ಪಿನಲ್ಲಿ ಎಂಟು ಟ್ರೈ, 1995ರಲ್ಲಿ ಗಳಿಸಿದ್ದಕ್ಕಿಂತ ಒಂದು ಹೆಚ್ಚು. ಕಪ್ ಆಗಲೂ ಸಿಗಲಿಲ್ಲ, ಫ್ರಾನ್ಸ್ ಸೆಮಿಫೈನಲ್‌ನಲ್ಲೇ ಸೋಲಿಸಿತು. 2002ರ ನವೆಂಬರಿನಲ್ಲಿ ಕೊನೆಯ ಟೆಸ್ಟ್ ಆಡಿದಾಗ ವಯಸ್ಸು ಇಪ್ಪತ್ತೇಳು. ಮರುವರ್ಷ ಡಯಾಲಿಸಿಸ್. ವಾರಕ್ಕೆ ಮೂರು ಸಲ ಗಂಟೆಗಟ್ಟಲೆ ಯಂತ್ರದ ಪಕ್ಕ ಅಲುಗಾಡದೆ ಇರಬೇಕು, ರಕ್ತ ಹೊರಗೆ ಹೋಗಿ ಸೋಸಿ ಬರಬೇಕು. ಕಾಲಿನ ನರಗಳೂ ಕೆಟ್ಟವು. 2004ರ ಜುಲೈನಲ್ಲಿ ವೆಲ್ಲಿಂಗ್ಟನ್‌ನ ರೇಡಿಯೊ ನಿರೂಪಕ ಗ್ರಾಂಟ್ ಕೆರೀಮಾ ತಮ್ಮದೊಂದು ಕಿಡ್ನಿ ಕೊಟ್ಟರು.

ಇನ್ನೊಬ್ಬರ ಕಿಡ್ನಿ ಹೊತ್ತವರಿಗೆ ವೈದ್ಯರು ಹೊಟ್ಟೆಗೆ ಪೆಟ್ಟು ಬೀಳದಂತೆ ನೋಡಿಕೊಳ್ಳಿ ಎನ್ನುತ್ತಾರೆ. ಈ ಮನುಷ್ಯ ಮತ್ತೆ ರಗ್ಬಿಗೇ ಇಳಿದ! 2005ರ ಡಿಸೆಂಬರ್‌ನಲ್ಲಿ ಕಾರ್ಡಿಫ್ ಕ್ಲಬ್ಬಿಗೆ ಆಡಿದ, ಟ್ರೈಯನ್ನೂ ಗಳಿಸಿದ. ಹಳೆಯ ವೇಗ ಬರಲಿಲ್ಲ. ಹುಚ್ಚು ಎನ್ನಬಹುದು, ನಾನೂ ಅಂದುಕೊಂಡಿದ್ದೇನೆ. ಓಡುವುದೊಂದನ್ನೇ ಕಲಿತವನಿಗೆ ಬೇರೆ ಏನು ತೋಚೀತು ಎಂದೂ ಅನಿಸುತ್ತದೆ. 2011ರಲ್ಲಿ ಆ ಕಿಡ್ನಿಯೂ ಕೆಟ್ಟಿತು, ಮತ್ತೆ ಡಯಾಲಿಸಿಸ್. 2015ರ ನವೆಂಬರ್ 18ರಂದು, ನಲವತ್ತನೆಯ ವಯಸ್ಸಿನಲ್ಲಿ, ಆಕ್ಲೆಂಡಿನಲ್ಲಿ ತೀರಿಕೊಂಡ.

ಒಟ್ಟು 63 ಟೆಸ್ಟ್, 37 ಟ್ರೈ. ಆ ಟೆಸ್ಟ್‌ಗಳಲ್ಲಿ ಬಹುಪಾಲು ರೋಗ ಗೊತ್ತಾದ ಮೇಲೆ ಆಡಿದವು. ನ್ಯೂಲ್ಯಾಂಡ್ಸ್‌ನ ವಿಡಿಯೊ ಯಾರಾದರೂ ನಿಮಗೆ ಕಳಿಸಿಯೇ ಕಳಿಸುತ್ತಾರೆ. ನೀವಾಗಿ ಹುಡುಕುವುದಾದರೆ 1999ರ ಅಕ್ಟೋಬರ್‌ನಲ್ಲಿ ಟ್ವಿಕೆನ್‌ಹ್ಯಾಮ್‌ನಲ್ಲಿ ಇದೇ ಇಂಗ್ಲೆಂಡ್ ವಿರುದ್ಧ ಅವನು ಗಳಿಸಿದ ಟ್ರೈ ನೋಡಿ. ಅದು ಇದಕ್ಕಿಂತ ದೊಡ್ಡದು.